ಕೋಟೆ ನಿಲ್ದಾಣದಲ್ಲಿ ಅಕ್ಕ

ವಿಯೆಟ್ನಾಂ ಹೇಗಿತ್ತು ಎಂದು ಗೌರಿಬಿದನೂರಿನಲ್ಲಿ ಕೇಳಿದವರಿಗೆಲ್ಲ ನಾನು ಚೆನ್ನಾಗಿತ್ತು ಎಂದೇ ಹೇಳಿದ್ದೇನೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಅಲ್ಲಿಂದ ತಂದ ತೆಂಗಿನ ಮಿಠಾಯಿ ಹಂಚಿ, ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದ್ದೇನೆ. ಈಗ ಬರೆಯಲು ಕೂತಾಗ ನೆನಪಾಗುವುದು ಸಮುದ್ರವಲ್ಲ, ಊಟವಲ್ಲ. ಕಬ್ಬಿಣದ ಕಂಬಿಗಳ ನಡುವಿನ ಸರದಿ ಸಾಲು.

ನಮ್ಮ ಯಜಮಾನರದು ಸಿಮೆಂಟು, ಕಬ್ಬಿಣದ ಅಂಗಡಿ. ಕಂಪನಿಯವರು ಡೀಲರುಗಳಿಗೆಂದು ಕೊಟ್ಟ ಪ್ರವಾಸದಲ್ಲಿ ಇಬ್ಬರಿಗೆ ಅವಕಾಶವಿತ್ತು. ಹೊರಡುವ ಹೊತ್ತಿಗೆ ಅವರಿಗೆ ಬೆನ್ನು ಹಿಡಿದುಕೊಂಡು, ವಿಮಾನದಲ್ಲಿ ಕೂರಲಾಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. "ನಿಮ್ಮಕ್ಕನ್ನ ಕರ್ಕೊಂಡು ಹೋಗು. ಆಯಮ್ಮ ಎಲ್ಲಿ ಹೋಗಿದ್ದಾಳೆ ಹೇಳು" ಎಂದರು.

ನಿಜ, ಅಕ್ಕ ಎಲ್ಲಿಗೂ ಹೋದವಳಲ್ಲ. ಮುನಿರತ್ನಮ್ಮ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮಮ್ಮ ತೀರಿಕೊಂಡಾಗ ನಾನು ಇನ್ನೂ ಮೂರನೇ ತರಗತಿ. ಅಕ್ಕ ಶಿಡ್ಲಘಟ್ಟದ ಫಿಲೇಚರಿನಲ್ಲಿ, ಕುದಿಯುವ ನೀರಿನ ತೊಟ್ಟಿಯ ಮುಂದೆ ನಿಂತು, ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಕೆಲಸ ಮಾಡುತ್ತಿದ್ದಳು. ಮೂವತ್ತು ವರ್ಷ ಅದನ್ನೇ ಮಾಡಿದಳು. ನಾನು ಬಿ.ಎಡ್. ಮುಗಿಸಿ ವಿಜ್ಞಾನದ ಟೀಚರಾದೆ. ಕೆಲಸ ಬಿಟ್ಟ ಮೇಲೆ ಅವಳು ಶಿಡ್ಲಘಟ್ಟದಲ್ಲೇ ಮಗಳು ಮಂಜುಳನ ಮನೆಯಲ್ಲಿದ್ದಾಳೆ. ಪಾಸ್‌ಪೋರ್ಟ್ ಮಾಡಿಸಿದ್ದು ಮಾತ್ರ ಹಿಂದಿನ ವರ್ಷ, ಬುದ್ಧಗಯೆಯ ಜೊತೆಗೆ ನೇಪಾಳದ ಲುಂಬಿನಿಗೂ ಹೋಗುವ ಒಂದು ತಂಡವನ್ನು ಸೇರುವ ಆಸೆಯಿಂದ. ಆ ಯಾತ್ರೆ ನಡೆಯಲೇ ಇಲ್ಲ.

"ಅಷ್ಟು ದೂರ ನನಗ್ಯಾಕೇ?" ಎಂದಳು. ಮರುದಿನ ತಾನೇ ಫೋನು ಮಾಡಿ, "ಅಲ್ಲಿ ಬುದ್ಧನ ಗುಡಿ ಇದಾವಂತೆ, ಹೌದೇನೇ?" ಎಂದು ಕೇಳಿದಳು. ಇದ್ದಾವೆ ಅಂದೆ. ಅಷ್ಟಕ್ಕೇ ಒಪ್ಪಿದಳು.

ಬಸ್ ನಂಬರ್ ನಾಲ್ಕು

ನಮ್ಮನ್ನು ಇಳಿಸಿದ್ದು ಸಮುದ್ರದ ದಡದ ಒಂದು ದೊಡ್ಡ ರೆಸಾರ್ಟಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಹೋಟೆಲುಗಳು, ಆಟದ ಪಾರ್ಕುಗಳು, ನೀರಿನ ಪಾರ್ಕು, ಪ್ರಾಣಿಗಳ ಪಾರ್ಕು ಎಲ್ಲವೂ ಒಂದೇ ಆವರಣದೊಳಗೆ. ಆವರಣವೆಂದರೆ ಗೌರಿಬಿದನೂರು ಪಟ್ಟಣವನ್ನು ಒಳಗಿಟ್ಟರೂ ಇನ್ನೂ ಜಾಗ ಮಿಗುವಷ್ಟು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಂತಿಲ್ಲ. ಅವರ ಬಸ್ಸು, ಅವರ ರೈಲು.

ಹೋಟೆಲಿನ ಮುಂದಿನ ನಿಲ್ದಾಣದಲ್ಲಿ ಒಂದು ದೀಪದ ಫಲಕವಿತ್ತು. ನಾಲ್ಕನೇ ನಂಬರಿನ ಬಸ್ಸು ಹತ್ತು ನಿಮಿಷದಲ್ಲಿ ಬರುತ್ತದೆ ಎಂದು ಅದರಲ್ಲಿತ್ತು. ಮುಕ್ಕಾಲು ಗಂಟೆಯಾದರೂ ಅದರಲ್ಲಿ ಹತ್ತು ನಿಮಿಷವೇ ಇತ್ತು. ಅಕ್ಕನಿಗೆ ಅಂಕಿ ಓದಲು ಬರುತ್ತದೆ. "ಇದು ಕೆಟ್ಟೋಗಿರೋ ಗಡಿಯಾರ ಕಣೇ" ಎಂದಳು.

ಹತ್ತು ಹೆಜ್ಜೆ ದೂರದಲ್ಲಿ ಬಸ್ಸು ನಿಲ್ಲುವ ಜಾಗ ಕಾಣುತ್ತದೆ. ಆದರೆ ಕಂಬಿಗಳ ನಡುವೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಸುತ್ತಿಸಿ ಸುತ್ತಿಸಿ ಕರೆದುಕೊಂಡು ಹೋಗುತ್ತಾರೆ. ಒಂದು ಬಸ್ಸು ಬಂತು. ಡ್ರೈವರು ಬಾಗಿಲನ್ನೇ ತೆಗೆಯದೆ, ಕೈಯಾಡಿಸಿ ತುಂಬಿದೆ ಎಂದು ತೋರಿಸಿ ಹೊರಟುಹೋದ. ಎರಡನೆಯದೂ ಹಾಗೆಯೇ. ಅಲ್ಲಿಯ ಸೆಕೆಯೆಂದರೆ, ಒದ್ದೆ ಕಂಬಳಿ ಹೊದ್ದು ನಿಂತ ಹಾಗೆ.

ನನಗೆ ಆಶ್ಚರ್ಯವಾದದ್ದು ಆ ಸಾಲಿನ ಮೌನ. ನಮ್ಮ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಇಬ್ಬರು ಜಗಳವಾಡಿ, ಒಬ್ಬರು ಬಿಡಿಸಿ, ಉಳಿದವರು ಯಾವೂರು, ಯಾರ ಪೈಕಿ ಎಂದೆಲ್ಲ ವಿಚಾರಿಸಿ ಆಗಿರುತ್ತಿತ್ತು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರೂ, ಮುದುಕರು ಬಂದರೆ ಗೊಣಗುತ್ತಲೇ ಎದ್ದು ಜಾಗ ಕೊಡುವವರೂ ಅವರೇ. ಇಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಎಲ್ಲರೂ ಫೋನು ನೋಡುತ್ತ ಅಂಗುಲ ಅಂಗುಲ ಮುಂದೆ ಸರಿಯುತ್ತಾರೆ.

"ಯಾರಾದ್ರೂ ಬೈಯಬಾರ್ದೇನೇ" ಎಂದಳು ಅಕ್ಕ. ನಾನು ನಕ್ಕೆ. ಆ ದಿನ ಇನ್ನೂ ನಗು ಬರುತ್ತಿತ್ತು.

ಗೇಟು

ಪಾರ್ಕಿನ ಬಾಗಿಲಲ್ಲಿ ಟಿಕೆಟಿನ ಜೊತೆ ಬೆರಳನ್ನೂ ಒತ್ತಬೇಕು. ನನ್ನದಾಯಿತು. ಅಕ್ಕ ಒತ್ತಿದರೆ ಕೆಂಪು ದೀಪ. ಬೇರೆ ಬೆರಳು ಇಡಿಸಿದರು. ಸೆರಗಿನಿಂದ ಒರೆಸಿಕೊಂಡು ಮತ್ತೆ ಇಟ್ಟಳು. ಕೆಂಪು ದೀಪವೇ. ಬಿಸಿನೀರು ಅವಳ ಬೆರಳ ಗೆರೆಗಳನ್ನು ಎಂದೋ ತೊಳೆದುಬಿಟ್ಟಿದೆ. ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅದೇ ಪಾಡು. ಆದರೆ ಅಲ್ಲಿಯವನಿಗೆ ಅವಳು ಗೊತ್ತು. "ಬಿಡು ರತ್ನಮ್ಮಕ್ಕ, ಮಗಳ ಬೆರಳಿಡ್ಸು" ಎನ್ನುತ್ತಾನೆ.

ಇಲ್ಲಿ ಅವಳನ್ನು ಒಂದು ಪಕ್ಕಕ್ಕೆ ನಿಲ್ಲಿಸಿದರು. ಹಿಂದಿನವರು ಒಬ್ಬೊಬ್ಬರಾಗಿ ಒಳಗೆ ಹೋದರು. ಅಕ್ಕ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನೆಲ ನೋಡುತ್ತ ನಿಂತಿದ್ದಳು. ನಮ್ಮ ಟೂರ್ ಮ್ಯಾನೇಜರ್ ಪ್ರಭಾಕರ್, ದಾವಣಗೆರೆ ಕಡೆಯ ಮಧ್ಯವಯಸ್ಸಿನವರು, ಹೋಗಿ ಮಾತಾಡಿ, ಅರ್ಧ ಗಂಟೆಯ ಮೇಲೆ ಅವಳ ಫೋಟೋ ತೆಗೆಸಿ ಒಳಗೆ ಬಿಡಿಸಿದರು. ಗುಂಪಿನ ಉಳಿದವರು ನೆರಳಲ್ಲಿ ಕಾಯುತ್ತಿದ್ದರು. ಒಬ್ಬಾಕೆ ಕೈಗಡಿಯಾರ ನೋಡಿಕೊಂಡರು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನನಗೆ ಆಗ ಅಕ್ಕನ ಮೇಲೆ ಮರುಕ ಬರಲಿಲ್ಲ. ಆ ಹೆಂಗಸು ಗಡಿಯಾರ ನೋಡಿದ್ದೇ ಚುಚ್ಚುತ್ತಿತ್ತು.

ಎರಡನೇ ದಿನ, ಕೋಟೆ ನಿಲ್ದಾಣ

ಎರಡನೇ ದಿನ ಬೆಳಿಗ್ಗೆಯಿಂದಲೂ ಕಾಯುವುದೇ ಆಯಿತು. ಬಸ್ಸಿಗೆ ಒಂದು ಗಂಟೆ. ಊಟಕ್ಕೆ ಮುಕ್ಕಾಲು ಗಂಟೆ. ಅಕ್ಕನಿಗೆ ಮಂಡಿ ನೋವು, ಜೊತೆಗೆ ಆಗಾಗ ಶೌಚಕ್ಕೆ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಸಾಲಿನಲ್ಲಿ ನಮ್ಮ ಜಾಗ ಹೋಗಿರುತ್ತಿತ್ತು. ಹೀಗೆ ಎರಡು ಬಾರಿ ಗುಂಪಿನಿಂದ ಹಿಂದೆ ಬಿದ್ದೆವು. ಕೊರಳಿಗೆ ಹಾಕಿಕೊಳ್ಳಲು ಕೊಟ್ಟಿದ್ದ ಹೋಟೆಲಿನ ಹೆಸರಿನ ಬಿಲ್ಲೆಯ ದಾರ ಉಜ್ಜುತ್ತದೆ ಎಂದಳು. ಅದನ್ನು ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವಳ ಫೋನು ಆ ದೇಶದಲ್ಲಿ ಕೆಲಸ ಮಾಡುತ್ತಿರಲಿಲ್ಲ, ಹೋಟೆಲಿನಲ್ಲೇ ಬಿಟ್ಟಿದ್ದಳು.

ಮೂರು ಗಂಟೆಗೆ ಕೋಟೆಯ ಬಳಿಯಿದ್ದೆವು. ಅದು ಕಲ್ಲಿನ ಕೋಟೆಯಲ್ಲ, ಬಣ್ಣ ಬಳಿದ ಸಿಮೆಂಟು. ಅಲ್ಲಿಂದ ಕಂಬಗಳ ಮೇಲೆ ಒಂಟಿ ಹಳಿಯ ಪುಟ್ಟ ರೈಲೊಂದು ಇಡೀ ಆವರಣವನ್ನು ಸುತ್ತುತ್ತದೆ. ಎಲ್ಲರೂ ಅದರಲ್ಲಿ ಮುಖ್ಯ ಗೇಟಿನ ನಿಲ್ದಾಣಕ್ಕೆ ಬಂದು ಸೇರಬೇಕೆಂದು ಪ್ರಭಾಕರ್ ಮೆಸೇಜು ಕಳಿಸಿದ್ದರು. ಗುಂಪಿನವರು ಆಗಲೇ ಅಲ್ಲಿದ್ದರು. ನಾವು ಮಾತ್ರ ಮೆಟ್ಟಿಲ ಮೇಲಿನ ಸಾಲಿನಲ್ಲಿ.

ಐದು ರೈಲುಗಳು ತುಂಬಿಕೊಂಡು ಹೋದವು. ಆರನೆಯದು ಬಂದಾಗ ನಾವು ಬಾಗಿಲಿನ ಹತ್ತಿರ ಬಂದಿದ್ದೆವು. ಜನ ಒಮ್ಮೆಗೇ ನುಗ್ಗಿದರು. ಅಕ್ಕ ನನ್ನ ಕೈ ಹಿಡಿದಿದ್ದಳು. ರೈಲಿಗೂ ಕಟ್ಟೆಗೂ ನಡುವಿನ ಸಂದು ನೋಡಿ ಹೆದರಿ ನಿಂತುಬಿಟ್ಟಳು.

"ಇರೇ, ಇರೇ, ಇನ್ನೊಂದು ಬರುತ್ತೆ" ಎಂದು ನನ್ನನ್ನು ಹಿಂದಕ್ಕೆ ಎಳೆದಳು.

"ಹತ್ತಕ್ಕ! ಎಷ್ಟು ಸಲ ಹೇಳ್ಬೇಕು ನಿನಗೆ!"

ಅವಳು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ನನಗೆ ತಲೆಗೆ ರಕ್ತ ಏರಿದ ಹಾಗಾಯಿತು. ಎರಡು ದಿನದ ಕಾಯುವಿಕೆ, ಬೆವರು, ಗುಂಪಿನವರ ಮುಖಗಳು, ಎಲ್ಲವೂ ಆ ಹಿಡಿತದಲ್ಲೇ ಇದ್ದ ಹಾಗೆ ಅನ್ನಿಸಿತು. ಕೈ ಕೊಡವಿದೆ. ಅವಳ ಬೆರಳು ಬಿಚ್ಚಿಕೊಂಡವು. ನಾನು ಒಳಗೆ ಕಾಲಿಟ್ಟೆ. ನಾನು ಹತ್ತಿದರೆ ತಾನೂ ಹತ್ತುತ್ತಾಳೆ ಎಂದುಕೊಂಡಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆ ಗಳಿಗೆಯಲ್ಲಿ ಏನನ್ನೂ ಅಂದುಕೊಂಡಿರಲಿಲ್ಲ. ಆ ಕೈ ಬೇಡವಾಗಿತ್ತು, ಅಷ್ಟೇ.

ಬಾಗಿಲು ಮುಚ್ಚಿತು. ಗಾಜಿನಾಚೆ ಅಕ್ಕ ನಿಂತಿದ್ದಳು. ಅವಳು ಕೂಗಲಿಲ್ಲ. ಕೈಯನ್ನು ಚಾಚಿದ ಹಾಗೆಯೇ ಇಟ್ಟುಕೊಂಡಿದ್ದಳು. ರೈಲು ಹೊರಟಿತು.

ನೀರಿನ ಪಾರ್ಕಿನ ನಿಲ್ದಾಣ

ಮುಂದಿನ ನಿಲ್ದಾಣದಲ್ಲಿ ಹಾರಿ ಇಳಿದೆ. ತೊಂಡೇಬಾವಿಯಲ್ಲೋ ಗೌರಿಬಿದನೂರಿನಲ್ಲೋ ತಪ್ಪಿ ಮುಂದೆ ಹೋದರೆ ಎದುರಿನ ಪ್ಲಾಟ್‌ಫಾರಮ್ಮಿಗೆ ಬಂದು ವಾಪಸು ಗಾಡಿ ಹಿಡಿಯಬಹುದಲ್ಲ, ಹಾಗೆ ಅಂದುಕೊಂಡಿದ್ದೆ. ಇಲ್ಲಿ ಎದುರಿನ ಪ್ಲಾಟ್‌ಫಾರಂ ಇರಲಿಲ್ಲ. ಆ ರೈಲು ಒಂದೇ ದಿಕ್ಕಿಗೆ ಸುತ್ತುವಂಥದ್ದು. ಕೋಟೆಗೆ ಮರಳಬೇಕಾದರೆ ಕೆಳಗಿಳಿದು, ಹೊರಗೆ ಹೋಗಿ, ಸಾಲಿನ ಕೊನೆಗೆ ನಿಂತು, ಮತ್ತೆ ಹತ್ತಿ, ಇಡೀ ಸುತ್ತು ಬರಬೇಕು. ನಡೆದುಹೋಗೋಣವೆಂದರೆ ನಡುವೆ ಕೆರೆ. ಕಾಲುದಾರಿಯನ್ನು ಪಾರ್ಕಿನವರ ಮೆರವಣಿಗೆಗಾಗಿ ಮುಚ್ಚಿದ್ದರು.

ಅಲ್ಲಿದ್ದ ಕಾವಲಿನವನಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಕೈ ಮುಗಿದೆ. ಅವನು ಮರ್ಯಾದೆಯಿಂದ ತಲೆಬಾಗಿಸಿ ಸಾಲನ್ನು ತೋರಿಸಿದ. ಹಗ್ಗ ಎತ್ತಿ ನುಸುಳಲು ಹೋದೆ. ಹಿಂದಕ್ಕೆ ಕಳಿಸಿದ. "ನಮ್ಮಕ್ಕ ಅಲ್ಲಿದಾಳೆ, ನಮ್ಮಕ್ಕ!" ಎಂದು ಕನ್ನಡದಲ್ಲೇ ಕೂಗಿದೆ. ಸಾಲಿನಲ್ಲಿದ್ದವರು ತಲೆಯೆತ್ತಿ ನೋಡಿದರು. ಒಬ್ಬ ಹೆಂಗಸು ನನ್ನ ಕೈಗೆ ಕರವಸ್ತ್ರ ಕೊಟ್ಟಳು. ಜಾಗ ಕೊಡಲಿಲ್ಲ.

ಪ್ರಭಾಕರ್‌ಗೆ ಫೋನು ಮಾಡಿದೆ. "ಮೇಡಂ, ಗಾಬರಿಯಾಗ್ಬೇಡಿ. ಅವರು ಅಲ್ಲೇ ನಿಂತಿರ್ತಾರೆ. ನೀವು ಸುತ್ತಿ ಬನ್ನಿ" ಎಂದರು.

ಆ ಸಾಲಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತೆ. ತಲೆಯ ಮೇಲೆ ರೈಲುಗಳು ಹೋಗುತ್ತಿದ್ದವು. ಕೊನೆಗೆ ಹತ್ತಿ, ಸುತ್ತಿ, ಕೋಟೆ ನಿಲ್ದಾಣದಲ್ಲಿ ಇಳಿದಾಗ ಅಕ್ಕ ಇರಲಿಲ್ಲ. ಬಾಗಿಲ ಬಳಿಯ ಹೆಂಗಸು ಫೋನಿನಲ್ಲಿ ಏನೋ ಬರೆದು, ಇಂಗ್ಲಿಷಿಗೆ ತಿರುಗಿಸಿ ನನಗೆ ತೋರಿಸಿದಳು. ಅಜ್ಜಿಯನ್ನು ಆಗಲೇ, ನೀವು ಹೋದ ಹಿಂದೆಯೇ ಬಂದ ರೈಲಿನಲ್ಲಿ ಕಳಿಸಿಕೊಟ್ಟೆವು ಎಂದು ಅದರಲ್ಲಿತ್ತು. ಒಳ್ಳೆಯದು ಮಾಡಿದೆ ಎಂಬ ನಗು ಅವಳ ಮುಖದಲ್ಲಿ.

ನಾನು ಕೆಳಗೆ ಸಾಲಿನಲ್ಲಿ ಅಳುತ್ತ ನಿಂತಿದ್ದಾಗ ಅಕ್ಕ ನನ್ನ ತಲೆಯ ಮೇಲಿನಿಂದಲೇ ಹಾದುಹೋಗಿದ್ದಳು.

ಗೇಟಿನ ಪಕ್ಕದ ಕಚೇರಿ

ಮುಖ್ಯ ಗೇಟಿನ ಕಚೇರಿಯಲ್ಲಿ ಪ್ರಭಾಕರ್ ಕಾಯುತ್ತಿದ್ದರು. ಅಲ್ಲಿಗೆ ಹೋಗಲೂ ಮತ್ತೆ ಅದೇ ರೈಲು, ಮತ್ತೆ ಅದೇ ಸಾಲು. ಗುಂಪಿನ ಉಳಿದವರನ್ನು ಅವರು ಹೋಟೆಲಿಗೆ ಕಳಿಸಿದ್ದರು. ಕಚೇರಿಯವರು ಹೆಸರು, ವಯಸ್ಸು, ಉಟ್ಟ ಬಟ್ಟೆಯ ಬಣ್ಣ ಕೇಳಿದರು. ಬಟ್ಟೆಯ ಬಣ್ಣ ತಟ್ಟನೆ ನೆನಪಾಗಲಿಲ್ಲ. ಹಸಿರೋ, ನೀಲಿಯೋ? ಇಡೀ ದಿನ ಪಕ್ಕದಲ್ಲೇ ಇದ್ದಳು, ನಾನು ನೋಡಿರಲಿಲ್ಲ.

"ಕೊರಳಿನ ಬಿಲ್ಲೆ ಹಾಕ್ಕೊಂಡಿದಾರಲ್ವಾ ಮೇಡಂ?" ಎಂದು ಪ್ರಭಾಕರ್ ಕೇಳಿದರು. ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ.

ಕಚೇರಿಯವರು ಫೋಟೋ ಇದೆಯೇ ಎಂದು ಕೇಳಿದರು. ಫೋನಿನಲ್ಲಿ ಕೋಟೆಯಿತ್ತು, ಹೂವಿನ ಗಡಿಯಾರವಿತ್ತು, ನಾನಿದ್ದೆ, ನಾನು ತಿಂದ ತಿಂಡಿಯಿತ್ತು. ಅಕ್ಕ ಒಂದೇ ಚಿತ್ರದಲ್ಲಿ ಸಿಕ್ಕಿದಳು. ಅಂಚಿನಲ್ಲಿ, ಅರ್ಧ ಮುಖ, ನೀರಿನ ಬಾಟಲಿ ಹಿಡಿದು. ಸೀರೆ ಹಸಿರು. ಹಿಂದಿನ ದಿನ ಗೇಟಿನಲ್ಲಿ ತೆಗೆದಿದ್ದ ಫೋಟೋವನ್ನು ಕಡೆಗೆ ಅವರೇ ಹುಡುಕಿ ತೆಗೆದರು.

ಗಂಟೆ ಆರಾಯಿತು. ಕಿಟಕಿಯಾಚೆ ಜನ ಹೊರಗೆ ಹೋಗುವ ಸಾಲು ಕಟ್ಟಿದ್ದರು. ಪ್ರತಿ ಮುದುಕಿಯ ಬೆನ್ನೂ ಅಕ್ಕನ ಬೆನ್ನಿನಂತೆ ಕಾಣುತ್ತಿತ್ತು. ಅವಳಿಗೆ ಬರುವುದು ಕನ್ನಡ, ತೆಲುಗು. ಹೋಟೆಲಿನ ಹೆಸರು ನನಗೇ ಬಾಯಿಗೆ ಬರುವುದಿಲ್ಲ. ಮಂಜುಳನಿಗೆ ಏನೆಂದು ಫೋನು ಮಾಡಲಿ ಎಂದು ಯೋಚಿಸಿದೆ. ಮಾಡಲಿಲ್ಲ. ಮಾಡಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು.

ಏಳಕ್ಕೆ ಸ್ವಲ್ಪ ಮುಂಚೆ ಮೇಜಿನ ಫೋನು ರಿಂಗಾಯಿತು.

ಕೊನೆಯ ಸ್ಟಾಪು

ಅಕ್ಕ ಸಿಕ್ಕಿದ್ದು ಬಸ್ಸುಗಳನ್ನು ತೊಳೆದು ನಿಲ್ಲಿಸುವ ಶೆಡ್ಡಿನಲ್ಲಿ. ನಮ್ಮನ್ನು ಒಂದು ವ್ಯಾನಿನಲ್ಲಿ ಕರೆದುಕೊಂಡು ಹೋದರು. ಅದಕ್ಕೆ ಸಾಲೇ ಇರಲಿಲ್ಲ. ಹತ್ತು ನಿಮಿಷದಲ್ಲಿ ತಲುಪಿದೆವು.

ಅಕ್ಕ ಕವುಚಿಟ್ಟ ಒಂದು ಬಕೆಟ್ಟಿನ ಮೇಲೆ ಕೂತಿದ್ದಳು. ಮೈಮೇಲೆ ರವಿಕೆ, ಅದರ ಕೆಳಗೆ ಕಸ ಗುಡಿಸುವವರ ನೀಲಿ ಪ್ಯಾಂಟು. ಹಸಿರು ಸೀರೆಯನ್ನು ಯಾರೋ ತೊಳೆದು ಬಸ್ಸಿನ ಕಂಬಿಯ ಮೇಲೆ ಹರವಿದ್ದರು. ಪಕ್ಕದಲ್ಲಿ ಅವಳಷ್ಟೇ ವಯಸ್ಸಿನ ಒಬ್ಬ ಹೆಂಗಸು ಪೊರಕೆ ಬದಿಗಿಟ್ಟು, ತನ್ನ ಅಂಗಿಯೊಂದನ್ನು ಅವಳ ಹೆಗಲಿಗೆ ಹೊದಿಸಿ ಕೂತಿದ್ದಳು.

ನಡೆದದ್ದು ಇಷ್ಟು. ಮುಖ್ಯ ಗೇಟಿಗಿಂತ ಮೊದಲೇ, ರೈಲಿನಿಂದ ಜನರೆಲ್ಲ ಇಳಿದ ಕಡೆ ಅಕ್ಕನೂ ಇಳಿದಿದ್ದಾಳೆ. ಅಲ್ಲಿ ನಾಲ್ಕನೇ ನಂಬರಿನ ಬಸ್ಸು ಕಂಡಿದೆ. ನಮ್ಮ ಹೋಟೆಲಿನದೇ ನಂಬರೆಂದು ಆ ಸಾಲಿನಲ್ಲಿ ನಿಂತಿದ್ದಾಳೆ. ಪ್ರತಿ ಪಾರ್ಕಿಗೂ ಬೇರೆ ಬೇರೆ ನಾಲ್ಕನೇ ನಂಬರು ಇರುತ್ತದೆಂದು ಅವಳಿಗೇನು ಗೊತ್ತು, ನನಗೂ ಗೊತ್ತಿರಲಿಲ್ಲ. ಒಂದೂವರೆ ಗಂಟೆ ಕಂಬಿಗಳ ನಡುವೆ ನಿಂತಿದ್ದಾಳೆ. ಶೌಚಕ್ಕೆ ಹೋಗಲು ಯಾರನ್ನು ಕೇಳುವುದು, ಹೇಗೆ ಕೇಳುವುದು? ಹೊರಗೆ ಬಂದರೆ ಜಾಗ ಹೋಗುತ್ತದೆ. ಕಡೆಗೆ ಅಲ್ಲೇ, ಅಷ್ಟು ಜನರ ನಡುವೆ, ತಡೆಯಲಾಗಲಿಲ್ಲ. ಅದೇ ಸೀರೆಯಲ್ಲಿ ಬಸ್ಸು ಹತ್ತಿ, ಕೂರದೆ, ಕಂಬಿ ಹಿಡಿದು ನಿಂತೇ ಕೊನೆಯ ಸ್ಟಾಪಿನವರೆಗೆ ಬಂದಿದ್ದಾಳೆ.

ನನ್ನನ್ನು ನೋಡಿ ಎದ್ದಳು. "ಇವಳು ಹೆಸರು ಹೇಳಿದ್ಲು, ನನ್ನ ಬಾಯಿಗೆ ಬರಲ್ಲ. ನಮಸ್ಕಾರ ಮಾಡು" ಎಂದಳು. ನಾನು ಆ ಹೆಂಗಸಿಗೆ ಕೈ ಮುಗಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಪೊರಕೆ ಎತ್ತಿಕೊಂಡು ಬಸ್ಸಿನೊಳಗೆ ಹೋದಳು.

ವ್ಯಾನಿನಲ್ಲಿ ಅಕ್ಕ ಒದ್ದೆ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಹಾಗೆ ನೋಡುತ್ತಲೇ ಕೇಳಿದಳು: "ಶಾರದಾ, ಕೈ ಹೆಂಗೆ ಬಿಡ್ತು?"

"ಜನ ತಳ್ಳಿದ್ರು ಅಕ್ಕ. ಹಿಂದಿನಿಂದ ತಳ್ಳಿಬಿಟ್ರು."

"ಹೂಂ" ಎಂದಳು.

ಮೂರನೇ ದಿನ

ಮೂರನೇ ದಿನ ಗುಡಿಗೆ ಹೋಗುವ ಕಾರ್ಯಕ್ರಮವಿತ್ತು. ಅಕ್ಕ ಬರುವುದಿಲ್ಲ ಎಂದಳು.

"ಬುದ್ಧನ ಗುಡಿ ಅಕ್ಕ. ನೀನೇ ಕೇಳಿದ್ದೆಯಲ್ಲ."

"ಬಸ್ಸಲ್ಲಿ ತಾನೇ ಹೋಗೋದು?"

"ಹೌದು."

"ನೀನು ಹೋಗಿ ಬಾ."

ನಾನೂ ಹೋಗಲಿಲ್ಲ. ಇಬ್ಬರೂ ಕೋಣೆಯಲ್ಲೇ ಉಳಿದೆವು. ಕಿಟಕಿಯಿಂದ ಬಸ್ ಸ್ಟಾಪು ನೇರವಾಗಿ ಕಾಣುತ್ತಿತ್ತು. ಸಾಲು ಬೆಳೆಯುತ್ತಿತ್ತು, ಕರಗುತ್ತಿತ್ತು, ಮತ್ತೆ ಬೆಳೆಯುತ್ತಿತ್ತು. ನಾನು ಪರದೆ ಎಳೆದೆ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನ ಕೋಣೆಗೇ ಊಟ ತರಿಸಿದೆ. ಬರೀ ಅನ್ನವನ್ನು ಬಿಟ್ಟು ಅವಳು ಏನನ್ನೂ ಮುಟ್ಟಲಿಲ್ಲ.

ಶಿಡ್ಲಘಟ್ಟ

ಬಂದು ಎರಡು ವಾರದ ಮೇಲೆ ಒಂದು ಭಾನುವಾರ ಅಕ್ಕನನ್ನು ನೋಡಲು ಹೋದೆ. ಮಂಜುಳ ಬಾಗಿಲಲ್ಲೇ ನಗುತ್ತ ಬ್ಯಾಗು ಇಸಿದುಕೊಂಡಳು. ಒಳಗೆ ಪಕ್ಕದ ಮನೆಯ ಮೆಹಬೂಬಿ ಕೂತಿದ್ದರು. ಅಕ್ಕನ ಜೊತೆ ಅದೇ ಫಿಲೇಚರಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು.

ಅಕ್ಕ ಪ್ರವಾಸದ ಕಥೆ ಹೇಳುತ್ತಿದ್ದಳು. ಅದು ಎಷ್ಟನೇ ಸಲವೋ. ವಿಮಾನದಲ್ಲಿ ಕೊಟ್ಟ ಗಟ್ಟಿ ಬನ್ನು, ಕೆಟ್ಟು ನಿಂತ ಗಡಿಯಾರದಂಥ ಫಲಕ, ಬಾಗಿಲು ತೆಗೆಯದ ಡ್ರೈವರು. ಮೆಹಬೂಬಿ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದರು.

"ಹಂಗಾದ್ರೆ ನೀನು ಕಳೆದುಹೋಗಿದ್ದಾ ರತ್ನಮ್ಮ? ಯಾ ಅಲ್ಲಾ!"

"ಹೋಗ್ಲಿ ಬಿಡಮ್ಮ, ಸಿಕ್ಕಿದ್ನಲ್ಲ. ಆ ಜನ ಅಂದ್ರೆ ಜನ. ತಳ್ಳಿಬಿಟ್ರು. ನಾನು ಹೊರಗೆ, ಇವಳು ಒಳಗೆ. ಇವಳೇನು ಮಾಡ್ತಾಳೆ ಪಾಪ. ಅತ್ತು ಅತ್ತು ಕಣ್ಣೆಲ್ಲ ಊದಿಸ್ಕೊಂಡಿದ್ಲು."

ಬಕೆಟ್ಟು, ನೀಲಿ ಪ್ಯಾಂಟು, ಒದ್ದೆ ಸೀರೆ ಯಾವುದೂ ಆ ಕಥೆಯಲ್ಲಿರಲಿಲ್ಲ. ಅದರಲ್ಲಿ ನಾನು ತಳ್ಳಿಸಿಕೊಂಡವಳಾಗಿದ್ದೆ. ಅವಳು ಅಷ್ಟು ಸಲೀಸಾಗಿ ನನ್ನ ಸುಳ್ಳನ್ನು ನನಗಾಗಿ ಹೇಳುತ್ತಿದ್ದಳು. ಮೆಹಬೂಬಿ ಎದ್ದು ಹೋಗುವವರೆಗೂ ಕಾದೆ.

"ಅಕ್ಕ, ಜನ ತಳ್ಳಲಿಲ್ಲ. ನಾನೇ ಕೊಡವಿದೆ. ಸಿಟ್ಟು ಬಂದಿತ್ತು, ಬೇಕು ಅಂತಲೇ ಬಿಟ್ಟೆ."

ಮಂಜುಳ ಟೀ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಕ್ಕ ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಅವರೆಕಾಯಿ ಬಿಡಿಸುವುದನ್ನೂ ನಿಲ್ಲಿಸಲಿಲ್ಲ. ನಾಲ್ಕೈದು ಕಾಯಿ ಬಿಡಿಸಿದ ಮೇಲೆ ಮಾತಾಡಿದಳು.

"ಅಲ್ಲೇ ಹೇಳಿದ್ದಿದ್ರೆ ಅಲ್ಲೇ ಬೈದು ಮುಗಿಸ್ತಿದ್ದೆ. ಇಷ್ಟು ದಿನ ಎಲ್ಲರ ಹತ್ರಾನೂ ನಿನ್ನ ವಹಿಸ್ಕೊಂಡು ಹೇಳಿದೀನಿ. ಈಗ ಎಲ್ಲಿಂದ ಶುರು ಮಾಡಿ ಬೈಲಿ ಹೇಳು?"

"ಬೈಯಕ್ಕ" ಎಂದೆ.

ಅವಳು ತಲೆಯಾಡಿಸಿದಳು. ಮಂಜುಳ ಲೋಟವನ್ನು ಕಿಟಕಿಯ ಮೇಲಿಟ್ಟು, ಒಳಕೋಣೆಗೆ ಹೋಗಿ ನನ್ನ ಬ್ಯಾಗು ತಂದು ಹೊಸ್ತಿಲ ಪಕ್ಕ ಇಟ್ಟಳು. ಅಕ್ಕ ಅದನ್ನು ನೋಡಿದಳು. ಬೇಡ ಅನ್ನಲಿಲ್ಲ.